ಮೀನಿಗೂ ನಮ್ಮದೇ ಮಾತ್ರೆ

ಜೂನ್ ಮೊದಲ ವಾರ ಕಳೆದು ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತೆಂದರೆ ಬೀದರ್ ಸೀಮೆಯಲ್ಲಿ ಎರಡು ಸಂಗತಿ ನೆನಪಾಗುತ್ತವೆ. ಒಂದು ಬಿತ್ತನೆ, ಇನ್ನೊಂದು ಮೀನು. ಆ ದಿನ ಮೀನು ಉಂಡರೆ ಮಳೆಗಾಲದ ನೆಗಡಿ, ದಮ್ಮು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಈ ಭಾಗದಲ್ಲೂ ತೆಲಂಗಾಣದಲ್ಲೂ ಗಟ್ಟಿಯಾಗಿದೆ. ದಮ್ಮಿನ ಕಾಯಿಲೆಯಿಂದ ಹಣ್ಣಾದವರು ಹೈದರಾಬಾದಿನ ನಾಂಪಲ್ಲಿ ಮೈದಾನದ ಹಾದಿ ಹಿಡಿಯುತ್ತಾರೆ. ಅಲ್ಲಿ ಬತ್ತಿನಿ ಮನೆತನದವರು ಹಳದಿ ಬಣ್ಣದ ಮದ್ದನ್ನು ಬೆರಳುದ್ದದ ಕೊರ್ರಮೀನಿನ ಮರಿಯ ಬಾಯಿಗೆ ತುರುಕಿ, ಮರಿಯನ್ನು ಜೀವಂತವಾಗಿಯೇ ರೋಗಿಯ ಗಂಟಲಿಗೆ ಇಳಿಸುತ್ತಾರೆ. 1845ರಿಂದ ಇದು ನಡೆದುಬಂದಿದೆ ಎಂದು ಮನೆತನ ಹೇಳಿಕೊಳ್ಳುತ್ತದೆ. ಮದ್ದಿನ ಗುಟ್ಟನ್ನು ಅವರು ಬಿಟ್ಟುಕೊಟ್ಟಿಲ್ಲ, ವೈದ್ಯಲೋಕ ಆ ಮದ್ದನ್ನು ಒಪ್ಪಿಕೊಂಡಿಲ್ಲ. ಸಸ್ಯಾಹಾರಿಗಳಿಗೆ ಮೀನಿನ ಬದಲು ಬೆಲ್ಲದಲ್ಲಿ ಕೊಡುವ ಏರ್ಪಾಡೂ ಉಂಟು.

ಪ್ರಯೋಗಾಲಯಗಳಲ್ಲಿ ಈಗ ನಡೆಯುತ್ತಿರುವುದು ಇದರ ತಿರುಗುಮುರುಗು. ಅಲ್ಲಿ ಮನುಷ್ಯರ ಮದ್ದನ್ನು ಮೀನಿಗೆ ಕೊಡುತ್ತಾರೆ. ಅದೂ ದಮ್ಮಿನ ಮದ್ದಲ್ಲ, ಮನಸ್ಸಿನ ಮದ್ದು. ಖಿನ್ನತೆಗೆಂದು ಡಾಕ್ಟರು ಬರೆದುಕೊಡುವ ಫ್ಲುಯಾಕ್ಸೆಟಿನ್, ಸಿಟಲೋಪ್ರಾಮ್‌ನಂಥವನ್ನು ತೊಟ್ಟಿಯ ನೀರಿಗೆ ಬೆರೆಸಿ, ತಳ ಹಿಡಿದು ಕೂತ ಮೀನು ಮೇಲಕ್ಕೆ ಏಳುತ್ತದೆಯೇ ಎಂದು ನೋಡುತ್ತಾರೆ. ಕೇಳಿದವರಿಗೆ ನಗು ಬರುವುದು ಸಹಜ. ಮೀನಿಗೆಂಥ ಖಿನ್ನತೆ? ಅದಕ್ಕೇನು ಮಗಳ ಮದುವೆಯೇ, ಸೊಸೈಟಿಯ ಸಾಲವೇ? ಈ ಅನುಮಾನಕ್ಕೆ ಆಮೇಲೆ ಬರೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಕಾರಣಕ್ಕೆ ಮೀನು ಪ್ರಯೋಗಾಲಯಕ್ಕೆ ಬೇಕಾಗಿದೆಯೋ, ಅದೇ ಕಾರಣಕ್ಕೆ ನದಿಯಲ್ಲಿ ಅದರ ಬದುಕು ಇಕ್ಕಟ್ಟಿಗೆ ಸಿಕ್ಕಿದೆ. ಆ ನದಿಗಳಲ್ಲಿ ಒಂದು ನಮ್ಮ ಮಾಂಜ್ರಾ.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ತೊಟ್ಟಿ ದೊಡ್ಡದೇನಲ್ಲ, ಒಂದೂವರೆ ಲೀಟರ್ ನೀರು ಹಿಡಿಯುವ, ಅಗಲ ಕಡಿಮೆಯಾದ ಪಾರದರ್ಶಕ ಪೆಟ್ಟಿಗೆ. ಹೊರಮೈಯಲ್ಲಿ ನಡುವಿಗೆ ಅಡ್ಡಲಾಗಿ ಒಂದು ಗೆರೆ. ಎದುರಿಗೆ ಒಂದು ಕ್ಯಾಮೆರಾ. ತನ್ನ ಹಿಂಡಿನಿಂದ ಬಲೆಯಲ್ಲಿ ಎತ್ತಿ ತಂದ ಒಂದೇ ಒಂದು ಮೀನನ್ನು ಅದರೊಳಗೆ ಬಿಡುತ್ತಾರೆ. ಹೆಬ್ಬೆರಳಿನಷ್ಟೂ ಇಲ್ಲದ ಮೀನು, ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಪಟ್ಟೆ. ಬಿಟ್ಟ ಕ್ಷಣವೇ ಅದು ತಳಕ್ಕೆ ಇಳಿಯುತ್ತದೆ. ಹೊಸ ಜಾಗ, ಮೇಲಿನಿಂದ ಯಾವ ಕೊಕ್ಕರೆ ಎರಗುತ್ತದೋ ಗೊತ್ತಿಲ್ಲ, ಕೆಳಗೆ ಇರುವುದೇ ಲೇಸು ಎಂಬ ಹುಟ್ಟುಬುದ್ಧಿ. ಕಿವಿರು ಮಾತ್ರ ಬಡಿದುಕೊಳ್ಳುತ್ತಿರುತ್ತದೆ. ಆಗಾಗ ಅಲ್ಲಾಡದೆ ನಿಂತುಬಿಡುತ್ತದೆ, ಒಮ್ಮೆಲೇ ದಿಕ್ಕೆಟ್ಟು ಅಡ್ಡಾದಿಡ್ಡಿ ಓಡುತ್ತದೆ. ಸ್ವಲ್ಪ ಹೊತ್ತಿಗೆ ಧೈರ್ಯ ಕೂಡಿ ಗೆರೆ ದಾಟಿ ಮೇಲೆ ಬಂದು ನೋಡುತ್ತದೆ, ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. 6 ನಿಮಿಷಕ್ಕೆ ಪರೀಕ್ಷೆ ಮುಗಿಯಿತು. ಗೆರೆ ದಾಟಲು ಎಷ್ಟು ಹೊತ್ತು ಹಿಡಿಯಿತು, ಮೇಲಿನ ಅರ್ಧದಲ್ಲಿ ಎಷ್ಟು ಹೊತ್ತು ಕಳೆಯಿತು, ಎಷ್ಟು ಸಲ ಸ್ತಬ್ಧವಾಯಿತು, ಇಷ್ಟೇ ಲೆಕ್ಕ.

2009ರಲ್ಲಿ ಅಲನ್ ಕಲುಯೆಫ್ ಅವರ ತಂಡ ಲೀಟರಿಗೆ 100 ಮೈಕ್ರೋಗ್ರಾಂ ಫ್ಲುಯಾಕ್ಸೆಟಿನ್ ಬೆರೆಸಿದ ನೀರಿನಲ್ಲಿ ಎರಡು ವಾರ ಇರಿಸಿದ ಮೀನುಗಳಿಗೆ ಈ ಪರೀಕ್ಷೆ ಒಡ್ಡಿತು. ಮದ್ದಿನ ನೀರಿನಲ್ಲಿದ್ದವು ಬೇಗ ಮೇಲೆ ಬಂದವು, ಮೇಲೆಯೇ ಹೆಚ್ಚು ಹೊತ್ತು ಸುಳಿದಾಡಿದವು. ಅಲಬಾಮಾದ ಟ್ರಾಯ್ ವಿಶ್ವವಿದ್ಯಾಲಯದ ಜೂಲಿಯನ್ ಪಿಟ್‌ಮನ್ ಇಂಥದೇ ತೊಟ್ಟಿಯನ್ನು ಖಿನ್ನತೆಯ ಹೊಸ ಮದ್ದುಗಳ ಹುಡುಕಾಟಕ್ಕೆ ಬಳಸುತ್ತ ಬಂದವರು. ಕೊನೆಯವರೆಗೂ ತಳ ಬಿಟ್ಟೇಳದ ಮೀನು ಅವರ ಪಾಲಿಗೆ ಖಿನ್ನ ಮೀನು. ನನ್ನ ಮಟ್ಟಿಗೆ ಇಲ್ಲೊಂದು ತಕರಾರಿದೆ. ತೊಟ್ಟಿ ಅಳೆಯುವುದು ಹೆಚ್ಚಾಗಿ ಭಯವನ್ನು. ಭಯ ಬೇರೆ, ಖಿನ್ನತೆ ಬೇರೆ. ಭಯಗೊಂಡವನು ಓಡಿಹೋಗಲು ದಾರಿ ಹುಡುಕುತ್ತಾನೆ, ಖಿನ್ನನಾದವನಿಗೆ ಹುಡುಕುವ ಮನಸ್ಸೇ ಉಳಿದಿರುವುದಿಲ್ಲ. ಆ ಎರಡನೆಯದನ್ನು ಮೀನಿನಲ್ಲಿ ಹಿಡಿಯಲು ಬೇರೆ ಉಪಾಯ ಬೇಕಾಯಿತು.

ಈ ಪಟ್ಟೆ ಮೀನು, ಅಂದರೆ ಜೀಬ್ರಾ ಮೀನು, ಮೂಲತಃ ನಮ್ಮ ಉಪಖಂಡದ್ದು. ಗಂಗೆಯ ಬಯಲಿನ ಹೊಳೆ, ಹೊಂಡ, ಭತ್ತದ ಗದ್ದೆಗಳ ವಾಸಿ. ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ ಅಚ್ಚಾದ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ. ಹ್ಯಾಮಿಲ್ಟನ್ ಎಂದರೆ ಕನ್ನಡಿಗರಿಗೆ ಗುರುತು ಹತ್ತಲಿಕ್ಕಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಪ್ರತಿ ಊರಿನ ಬೆಳೆ, ಕಸುಬು, ಜಾತಿ, ಮಣ್ಣು ಬರೆದಿಟ್ಟ ಬುಕಾನನ್ ಅವರೇ ಈ ಹ್ಯಾಮಿಲ್ಟನ್. ಆಮೇಲೆ ಹೆಸರು ಬದಲಿಸಿಕೊಂಡರು. ನಮ್ಮ ರಾಗಿ ಹೊಲ ನೋಡಿದ ಕಣ್ಣೇ ಆ ಪುಟ್ಟ ಮೀನನ್ನೂ ನೋಡಿತ್ತು. ಮುಂದೆ ಅದು ಜಗತ್ತಿನ ಅಕ್ವೇರಿಯಂ ಅಂಗಡಿಗಳನ್ನು ಸೇರಿತು. ಅಲ್ಲಿಂದ ಅಮೆರಿಕದ ಓರೆಗನ್‌ನ ಜಾರ್ಜ್ ಸ್ಟ್ರೈಸಿಂಜರ್ ಕೈಗೆ ಬಂತು. 1981ರಲ್ಲಿ ಅವರು ಇದರ ತದ್ರೂಪಿ ಸಂತಾನ ಪಡೆದು ತೋರಿಸಿದ ಮೇಲೆ ಮೀನಿನ ದೆಸೆ ತಿರುಗಿತು.

ಕಾರಣ ಸರಳ. ಒಂದು ಜೋಡಿ ಬೆಳಗಿನ ಬೆಳಕು ಬಿದ್ದೊಡನೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಮರಿಯೂ ಗಾಜಿನಷ್ಟು ತಿಳಿ. ಒಂದೇ ದಿನಕ್ಕೆ ಗುಂಡಿಗೆ ಮಿಡಿಯುತ್ತದೆ, ಮೂರನೆಯ ದಿನಕ್ಕೆ ಮರಿ ಹೊರಗೆ. ವಾರದ ಮರಿಯ ಮಿದುಳಿನಲ್ಲಿ ಸುಮಾರು 1 ಲಕ್ಷ ನರಕೋಶ. ಅವುಗಳಲ್ಲಿ ಬಹುಪಾಲನ್ನು ಒಟ್ಟಿಗೆ, ಮರಿ ಬದುಕಿರುವಾಗಲೇ, ಸೂಕ್ಷ್ಮದರ್ಶಕದಡಿ ಮಿನುಗುವಂತೆ ನೋಡಬಹುದು ಎಂದು 2013ರಲ್ಲಿ ಮೀಶಾ ಆರೆನ್ಸ್ ಮತ್ತು ಫಿಲಿಪ್ ಕೆಲ್ಲರ್ ತೋರಿಸಿದರು. ಇಲಿಯ ತಲೆಬುರುಡೆ ತೆರೆಯದೆ ಇಂಥದ್ದು ಸಾಧ್ಯವಿಲ್ಲ, ಮನುಷ್ಯನದಂತೂ ದೂರದ ಮಾತು. ಅದೇ ವರ್ಷ ಈ ಮೀನಿನ ಜೀನೋಮ್ ಪೂರ್ತಿ ಪ್ರಕಟವಾಯಿತು. ಮನುಷ್ಯನ ಪ್ರತಿ 10 ಜೀನ್‌ಗಳಲ್ಲಿ ಸುಮಾರು 7ಕ್ಕೆ ಮೀನಿನಲ್ಲಿ ಜೊತೆಗಾರ ಜೀನ್ ಇದೆ ಎಂದು ಅದರಿಂದ ಗೊತ್ತಾಯಿತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಹೈದರಾಬಾದಿನ ಸಿಸಿಎಂಬಿ, ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆಗಳಲ್ಲಿ ಈ ಮೀನಿನ ತೊಟ್ಟಿಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವತ್ಸಲಾ ತಿರುಮಲೈ ಅವರ ತಂಡ ಮೀನಿನ ಮರಿಯ ಈಜಿನ ಹಿಂದಿರುವ ನರಜಾಲವನ್ನೂ ಅದರಲ್ಲಿ ಡೋಪಮಿನ್‌ನ ಪಾತ್ರವನ್ನೂ ಬಿಡಿಸುತ್ತ ಬಂದಿದೆ. ಪರದೇಶಿ ತೊಟ್ಟಿಗಳಲ್ಲಿ ಹತ್ತಾರು ತಲೆಮಾರು ಸಾಕಿದ ಮೀನಿಗೂ ನಮ್ಮ ಹೊಳೆಯ ಮೀನಿಗೂ ಸ್ವಭಾವದಲ್ಲಿ ವ್ಯತ್ಯಾಸ ಇರಬೇಕಲ್ಲವೇ? ಆ ದಿಕ್ಕಿನಲ್ಲಿ ಐಸರ್ ಕೋಲ್ಕತ್ತದ ಅನುರಾಧಾ ಭಟ್ ಕಾಡುಮೀನುಗಳ ಎದೆಗಾರಿಕೆಯನ್ನೇ ಅಧ್ಯಯನ ಮಾಡಿದ್ದಾರೆ.

ಆದರೆ ಖಿನ್ನತೆಯ ವಿಷಯಕ್ಕೆ ಬಂದರೆ ಮೀನಿನ ಪರವಾದ ದೊಡ್ಡ ವಾದ ಇದು ಯಾವುದೂ ಅಲ್ಲ. ಅದು ಒತ್ತಡದ ಹಾರ್ಮೋನು. ಮನುಷ್ಯನ ಮೈ ಕಷ್ಟಕ್ಕೆ ಸಿಕ್ಕಾಗ ಸುರಿಸುವುದು ಕಾರ್ಟಿಸಾಲ್. ಇಲಿ, ಹೆಗ್ಗಣಗಳಲ್ಲಿ ಆ ಕೆಲಸ ಮಾಡುವುದು ಕಾರ್ಟಿಕೋಸ್ಟಿರಾನ್ ಎಂಬ ಇನ್ನೊಂದು ರಾಸಾಯನಿಕ. ಮೀನಿನಲ್ಲಿ? ಕಾರ್ಟಿಸಾಲ್, ನಮ್ಮದೇ. ಮನಸ್ಸಿನ ಏರಿಳಿತಕ್ಕೆ ನಂಟಿರುವ ನರರಾಸಾಯನಿಕ ಸೆರೊಟೋನಿನ್ ಕೂಡ ಅದೇ, ಅದನ್ನು ನರಕೋಶದೊಳಕ್ಕೆ ವಾಪಸು ಎಳೆದುಕೊಳ್ಳುವ ಪ್ರೋಟೀನೂ ಹೆಚ್ಚುಕಡಿಮೆ ಅದೇ. ಫ್ಲುಯಾಕ್ಸೆಟಿನ್ ಜಾತಿಯ ಮದ್ದು ಕೆಲಸ ಮಾಡುವುದೇ ಆ ಪ್ರೋಟೀನಿನ ಮೇಲೆ. ಕೋಟ್ಯಂತರ ವರ್ಷ ಹಿಂದೆ ಬೇರೆಯಾದ ಎರಡು ಮನೆತನ, ಬೀಗ ಮಾತ್ರ ಇನ್ನೂ ಒಂದೇ. ಆದ್ದರಿಂದಲೇ ಮನುಷ್ಯನಿಗೆ ಮಾಡಿದ ಕೀಲಿ ಮೀನಿಗೂ ತಿರುಗುತ್ತದೆ.

ಇಲಿಗಳ ಕಥೆಯನ್ನೂ ಒಂದಿಷ್ಟು ಹೇಳಬೇಕು. 1977ರಲ್ಲಿ ರೋಜರ್ ಪೋರ್ಸೋಲ್ಟ್ ಒಂದು ಪರೀಕ್ಷೆ ರೂಪಿಸಿದರು. ಹೊರಬರಲಾಗದ ನೀರಿನ ಕೊಳವೆಯೊಳಗೆ ಇಲಿಯನ್ನು ಬಿಡುವುದು, ಅದು ಎಷ್ಟು ಹೊತ್ತಿಗೆ ಕೈಕಾಲು ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ತೇಲುತ್ತದೆ ಎಂದು ನೋಡುವುದು. ಖಿನ್ನತೆಯ ಮದ್ದು ಕೊಟ್ಟ ಇಲಿ ಹೆಚ್ಚು ಹೊತ್ತು ಈಜುತ್ತದೆ. ದಶಕಗಟ್ಟಲೆ ಮದ್ದಿನ ಕಂಪನಿಗಳು ಇದನ್ನೇ ಜರಡಿ ಮಾಡಿಕೊಂಡವು. ಇಲಿ ಕೈಚೆಲ್ಲಿತು ಎಂದರೆ ಹತಾಶೆಯೇ, ಇಲ್ಲವೇ ಬಲ ಉಳಿಸಿಕೊಳ್ಳುವ ಜಾಣತನವೇ ಎಂಬ ಜಗಳ ಇನ್ನೂ ತೀರಿಲ್ಲ. ಕ್ರೌರ್ಯದ ಕಾರಣಕ್ಕೆ ಈ ಪರೀಕ್ಷೆಯನ್ನು ಕೈಬಿಡಬೇಕೆಂಬ ಒತ್ತಾಯವೂ ಜೋರಾಗಿದೆ. ಮೀನನ್ನಂತೂ ನೀರಿಗೆ ಹಾಕಿ ಹೆದರಿಸುವಂತಿಲ್ಲ, ಹಾಗಾಗಿ ವಿಜ್ಞಾನಿಗಳು ತಲೆ ಓಡಿಸಬೇಕಾಯಿತು.

ಒಂದು ದಾರಿ ನಮ್ಮದೇ ಬೇರಿನಿಂದ ಸಿಕ್ಕಿತು. ಸರ್ಪಗಂಧಿಯಿಂದ ತೆಗೆದ ರೆಸರ್ಪಿನ್ 1950ರ ದಶಕದಲ್ಲಿ ರಕ್ತದೊತ್ತಡದ ದೊಡ್ಡ ಮದ್ದಾಗಿತ್ತು. ಮುಂಬೈಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧಿಯ ಬಗ್ಗೆ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಅದರತ್ತ ತಿರುಗಿತ್ತು. ರೆಸರ್ಪಿನ್ ನುಂಗಿದ ಕೆಲವರು ಮಂಕಾಗುತ್ತಿದ್ದುದನ್ನು ವೈದ್ಯರು ಗಮನಿಸಿದರು. ಮಿದುಳಿನ ಸೆರೊಟೋನಿನ್, ಡೋಪಮಿನ್ ದಾಸ್ತಾನನ್ನು ಅದು ಬರಿದು ಮಾಡುತ್ತದೆ. ಖಿನ್ನತೆಗೆ ಈ ರಾಸಾಯನಿಕಗಳ ಕೊರತೆಯೇ ಕಾರಣ ಎಂಬ ಸಿದ್ಧಾಂತ ಹುಟ್ಟಿದ್ದಕ್ಕೆ ಇದೂ ಒಂದು ಬಲವಾದ ಸಾಕ್ಷಿ. ಸಿದ್ಧಾಂತ ಅಷ್ಟು ನೇರವಲ್ಲ ಎಂದು ಈಗ ಎಲ್ಲರೂ ಒಪ್ಪುತ್ತಾರೆ, ಅದಿರಲಿ. ಅದೇ ರೆಸರ್ಪಿನ್ ಕೊಟ್ಟ ಜೀಬ್ರಾ ಮೀನು ಒಂದು ವಾರದ ಹೊತ್ತಿಗೆ ಓಡಾಟವನ್ನೇ ಕಡಿಮೆ ಮಾಡಿ ಮಂಕಾಗಿ ಉಳಿಯಿತು ಎಂದು 2013ರ ಒಂದು ಅಧ್ಯಯನ ಹೇಳಿತು.

ಆ ವರ್ಷದ್ದೇ ಇನ್ನೊಂದು ಕೆಲಸ ನನಗೆ ಹೆಚ್ಚು ಹಿಡಿಸಿದ್ದು. ಹೆರ್ವಿಗ್ ಬೈಯರ್ ಅವರ ಬಳಗ ಕಾರ್ಟಿಸಾಲ್‌ನ ಕರೆಯನ್ನು ಕೇಳಿಸಿಕೊಳ್ಳಲಾಗದ ಮೀನಿನ ತಳಿಯೊಂದನ್ನು ಪರೀಕ್ಷಿಸಿತು. ಹಾರ್ಮೋನು ಮೈಯಲ್ಲಿದೆ, ಅದನ್ನು ಗುರುತಿಸಬೇಕಾದ ಗ್ರಾಹಕ ಮಾತ್ರ ಕೆಟ್ಟಿದೆ. ಹೀಗಾಗಿ ‘ಇನ್ನು ಸಾಕು’ ಎಂಬ ಸೂಚನೆ ಮಿದುಳಿಗೆ ಮುಟ್ಟದೆ ಒತ್ತಡದ ಯಂತ್ರ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಈ ಮೀನನ್ನು ಒಂಟಿಯಾಗಿ ಹೊಸ ತೊಟ್ಟಿಗೆ ಮತ್ತೆ ಮತ್ತೆ ಬಿಟ್ಟಾಗ, ಬೇರೆ ಮೀನುಗಳು ಒಗ್ಗಿಕೊಂಡವು, ಇದು ಅಲ್ಲಾಡದೆ ನಿಂತುಬಿಟ್ಟಿತು. ನೀರಿಗೆ ಫ್ಲುಯಾಕ್ಸೆಟಿನ್ ಹಾಕಿದಾಗ ನಡವಳಿಕೆ ಸರಿಹೋಯಿತು. ಆತಂಕ ನಿವಾರಕ ಡಯಾಜೆಪಾಮ್ ಕೂಡ ಫಲ ಕೊಟ್ಟಿತು. ಮೂರನೆಯದೊಂದೂ ಫಲ ಕೊಟ್ಟಿತು: ಬೇರೆ ಮೀನುಗಳ ಸಂಗ. ಮಾತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು, ಸಂಗದ ಸುದ್ದಿ ಅಷ್ಟಾಗಿ ಬರಲಿಲ್ಲ.

ಇನ್ನು ಕೈಚೆಲ್ಲುವ ಕಥೆ. 2019ರಲ್ಲಿ ಆರೆನ್ಸ್ ಅವರ ಪ್ರಯೋಗಾಲಯದಲ್ಲಿ ಮೀನಿನ ಮರಿಯ ಮೈಯನ್ನು ಜೆಲ್ಲಿಯಂಥ ಅಂಟಿನಲ್ಲಿ ಹಿಡಿದು ನಿಲ್ಲಿಸಿದರು. ಕೆಳಗೆ ಪರದೆಯ ಮೇಲೆ ಪಟ್ಟೆಗಳು ಮುಂದಕ್ಕೆ ಸರಿಯುವಂತೆ ಮಾಡಿದರು. ಹರಿವಿಗೆ ಸಿಕ್ಕಿ ಕೊಚ್ಚಿಹೋಗುತ್ತಿದ್ದೇನೆ ಎಂದುಕೊಂಡ ಮರಿ ಎದುರೀಜಲು ಹವಣಿಸುತ್ತದೆ. ಅದರ ಯತ್ನಕ್ಕೆ ತಕ್ಕಂತೆ ಪಟ್ಟೆ ಸರಿದರೆ ಮರಿಗೆ ಸಮಾಧಾನ. ಆ ನಂಟನ್ನು ಕಡಿದುಬಿಟ್ಟರೆ? ಎಷ್ಟು ಈಜಿದರೂ ಪಟ್ಟೆಗಳು ಸ್ಪಂದಿಸುವುದಿಲ್ಲ. ಮರಿ ಮೊದಲು ಜೋರಾಗಿ ಬಾಲ ಬಡಿಯುತ್ತದೆ, ಇನ್ನೂ ಜೋರಾಗಿ ಬಡಿಯುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲಿಸಿಬಿಡುತ್ತದೆ. ಆ ಹೊತ್ತಿನಲ್ಲಿ ಮಿದುಳಿನಲ್ಲಿ ಸೋಲಿನ ಲೆಕ್ಕ ಇಡುತ್ತಿದ್ದದ್ದು ಯಾರು ಎಂದು ನೋಡಿದರೆ, ನರಕೋಶಗಳಲ್ಲ, ಅವುಗಳ ಊಳಿಗಕ್ಕಿವೆ ಎಂದು ಬಹುಕಾಲ ತಿಳಿದಿದ್ದ ಗ್ಲಿಯಾ ಕೋಶಗಳು. ಒಂದೊಂದು ವಿಫಲ ಯತ್ನವನ್ನೂ ಅವು ಕೂಡಿಸಿಟ್ಟು, ಮಿತಿ ಮೀರಿದಾಗ ಈಜು ನಿಲ್ಲಿಸುವ ಆಜ್ಞೆ ಹೊರಡಿಸುತ್ತವೆ. ಮುಂದೆ ಇಂಥದೇ ಮರಿಗಳಿಗೆ ಸ್ವಲ್ಪ ಹೊತ್ತು ಅರಿವಳಿಕೆ ಮದ್ದಾದ ಕೆಟಮಿನ್ ತಗುಲಿಸಿದಾಗ, ಮದ್ದು ತೊಳೆದುಹೋದ ಮೇಲೂ ಅವು ಅಷ್ಟು ಬೇಗ ಕೈಚೆಲ್ಲಲಿಲ್ಲ. ಹಳೆಯ ಮಾತ್ರೆಗಳು ನಾಟಲು ವಾರಗಳು ಹಿಡಿಯುತ್ತವೆ, ಕೆಟಮಿನ್ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಅದರ ಸೋದರ ಎಸ್‌ಕೆಟಮಿನ್‌ಗೆ ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಸುಳಿವು, ಅಕ್ಕಿಕಾಳಿಗಿಂತ ದೊಡ್ಡದಲ್ಲದ ಈ ಮರಿಯ ತಲೆಯಲ್ಲಿ ಸಿಕ್ಕಿತು.

ಈಗ ಮೀನಿಗೆಂಥ ಖಿನ್ನತೆ ಎಂಬ ಆ ಅನುಮಾನಕ್ಕೆ ಬರೋಣ. ಬೀದರ್ ತಾಲ್ಲೂಕಿನ ಬಗದಲ್‌ನಂಥ ದೊಡ್ಡ ಹಳ್ಳಿಯಲ್ಲಿ ಖಿನ್ನತೆ ಅಂತ ಯಾರೂ ಹೇಳುವುದಿಲ್ಲ. ‘ಟೆನ್ಶನ್ ಭಾಳ ಆಗ್ಯಾದ್ರೀ’ ಅನ್ನುತ್ತಾರೆ. ‘ನಿದ್ದಿ ಬರವಲ್ದು, ಉಣ್ಲಾಕ ಮನಸ್ಸಾಗವಲ್ದು, ಮೈಯೆಲ್ಲ ನೂಸ್ತದ’ ಅನ್ನುತ್ತಾರೆ. ಡಾಕ್ಟರ ಮುಂದೆ ಮೈನೋವು ಹೇಳಿ ಮನಸ್ಸಿನ ನೋವು ನುಂಗಿಕೊಂಡು ಬರುವವರೇ ಬಹಳ. ಮೊದಲ ಹರಕೆ ದರ್ಗಾಕ್ಕೋ ದೇವರ ಗುಡಿಗೋ ಸಲ್ಲುತ್ತದೆ, ಯಾರೋ ಭಾನಾಮತಿ ಮಾಡಿಸಿದ್ದಾರೆ ಎಂಬ ಗುಸುಗುಸು ಇಂದಿಗೂ ಪೂರ್ತಿ ಹೋಗಿಲ್ಲ. 1990ರ ದಶಕದ ಕೊನೆಯಲ್ಲಿ ತೊಗರಿ ಕೈಕೊಟ್ಟಾಗ ರೈತರ ಆತ್ಮಹತ್ಯೆಯ ಸುದ್ದಿಯಲ್ಲಿ ರಾಜ್ಯದಲ್ಲಿ ಮೊದಲು ಕೇಳಿಬಂದ ಹೆಸರುಗಳಲ್ಲಿ ಬೀದರ್ ಒಂದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದಲ್ಲಿ 20ರಲ್ಲಿ ಒಬ್ಬರಿಗೆ ಖಿನ್ನತೆಯ ತೊಂದರೆ ಇದೆ ಎಂದಿತು. ಅವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ಈ ಶೇ 85 ಮಂದಿಯ ತೊಡಕು ಹೊಸ ಮದ್ದು ಇಲ್ಲ ಎಂಬುದಲ್ಲ, ಹಳೆಯ ಮದ್ದೇ ಊರಿಗೆ ಬಂದಿಲ್ಲ ಎಂಬುದು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಇಳಿಸಿ ತೋರಿಸಿತ್ತು. ಅದು ಇಡೀ ದೇಶಕ್ಕೆ ಮಾದರಿಯಾಯಿತು. 2022ರಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ಮೀನಿನ ಯಾವ ಪ್ರಯೋಗಕ್ಕಿಂತಲೂ ಇವು ಬಗದಲ್‌ಗೆ ಹತ್ತಿರದವು ಎಂದೇ ನಾನು ಹೇಳುವುದು.

ಹಾಗೆಂದು ಮೀನನ್ನು ತಳ್ಳಿಹಾಕುವ ಹಾಗಿಲ್ಲ. ಅದು ತನ್ನ ದುಃಖ ಹೇಳದು, ತನ್ನನ್ನು ತಾನು ಹಳಿದುಕೊಳ್ಳದು, ಅದಕ್ಕೆ ನಾಳೆಯ ಚಿಂತೆ ಇದೆಯೋ ಯಾರು ಬಲ್ಲರು. ಖಿನ್ನತೆಯ ಅರ್ಧ ಲಕ್ಷಣಗಳು ಬಾಯಿಬಿಟ್ಟು ಹೇಳಿದರಷ್ಟೇ ತಿಳಿಯುವಂಥವು. ಪ್ರಾಣಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಮದ್ದುಗಳ ಪಟ್ಟಿಯೂ ಉದ್ದ. ಪಿ ವಸ್ತು ಎಂಬ ನರರಾಸಾಯನಿಕವನ್ನು ತಡೆಯುವ ಮದ್ದುಗಳ ಮೇಲೆ 1998ರಲ್ಲಿ ಭಾರಿ ನಿರೀಕ್ಷೆ ಹುಟ್ಟಿತ್ತು, ದೊಡ್ಡ ಪರೀಕ್ಷೆಗಳಲ್ಲಿ ಅವು ನಿಲ್ಲಲಿಲ್ಲ. ಮೀನು ಇಡೀ ಕಾಯಿಲೆಯ ಪಡಿಯಚ್ಚಲ್ಲ. ಒತ್ತಡ ನಿಲ್ಲದಿದ್ದರೆ ಮೈಗೆ ಏನಾಗುತ್ತದೆ, ಸೋತ ಮೇಲೆ ಮಿದುಳು ಯಾವಾಗ ಕೈಚೆಲ್ಲುತ್ತದೆ ಎಂಬ ಒಂದೆರಡು ತುಣುಕುಗಳನ್ನು ಅದು ತೋರಿಸುತ್ತದೆ, ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಫ್ರಾನ್ಸಿನ ದಿಜೋನಿನಲ್ಲಿ 2019ರಲ್ಲಿ ಜೋಡಿಕಟ್ಟಿ ಬಾಳುವ ಸಿಕ್ಲಿಡ್ ಮೀನುಗಳ ಮೇಲೆ ನಡೆದ ಅಧ್ಯಯನವೂ ಅಂಥದ್ದು. ಆಹಾರ ಸಿಗುವ ಡಬ್ಬಿ, ಸಿಗದ ಡಬ್ಬಿ, ಇವೆರಡರ ನಡುವೆ ಯಾವುದೆಂದು ಗೊತ್ತಾಗದ ಮೂರನೆಯ ಡಬ್ಬಿ. ಮೆಚ್ಚಿದ ಗಂಡಿನಿಂದ ಅಗಲಿಸಿದ ಹೆಣ್ಣು ಮೂರನೆಯ ಡಬ್ಬಿಯತ್ತ ಹೋಗಲು ತಡಮಾಡಿತು, ಸಿಗಲಾರದು ಎಂದೇ ಎಣಿಸಿದಂತೆ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಬೆಳೆಯದೆ, ಉಣ್ಣದೆ, ಮೇಲ್ಗಡೆ ತೇಲುತ್ತ ಉಳಿಯುವ ಮೀನುಗಳಿರುತ್ತವೆ. ಅವುಗಳ ಮೈಯಲ್ಲಿ ಕಾರ್ಟಿಸಾಲ್ ಏರಿದ್ದು, ಮಿದುಳಿನ ಸೆರೊಟೋನಿನ್ ಚಟುವಟಿಕೆ ಹೆಚ್ಚಿದ್ದು 2016ರಲ್ಲಿ ದಾಖಲಾಯಿತು. ಕಾರಂಜಾ ಜಲಾಶಯದ ಕಾಟ್ಲಾ, ರೋಹು ತಿನ್ನುವ ನಾವು ಮೀನೆಂದರೆ ತೂಕ ಮತ್ತು ದರ ಎಂದಷ್ಟೇ ಎಣಿಸಿದವರು. ಮೀನಿಗೂ ನೋವಿದೆ ಎಂದು ಲಿನ್ ಸ್ನೆಡನ್ 2003ರಲ್ಲಿ ಟ್ರೌಟ್ ಮೀನಿನಲ್ಲಿ ತೋರಿಸಿದ ಮೇಲೆ ಪ್ರಯೋಗಾಲಯದವರಾದರೂ ಎಚ್ಚರಗೊಂಡರು.

ಬೀಗ ಒಂದೇ ಎಂದೆನಲ್ಲ, ಅದರ ಇನ್ನೊಂದು ಮಗ್ಗುಲು ಇಲ್ಲಿ ಶುರುವಾಗುತ್ತದೆ. ಬೀಡ್ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ಲಾತೂರು ದಾಟಿ, ನಮ್ಮ ಭಾಲ್ಕಿ, ಔರಾದ್, ಬೀದರ್ ತಾಲ್ಲೂಕುಗಳನ್ನು ಮುಟ್ಟಿ, ಕಾರಂಜಾವನ್ನೂ ಕೂಡಿಸಿಕೊಂಡು ತೆಲಂಗಾಣದ ಸಂಗಾರೆಡ್ಡಿ ಕಡೆ ಇಳಿಯುತ್ತದೆ. ಅಲ್ಲಿ ಸಿಂಗೂರು ಅಣೆಕಟ್ಟು. ಮುಂದೆ ಬಡಗಲಿಗೆ ತಿರುಗಿ ನಿಜಾಮಸಾಗರ, ಕೊನೆಗೆ ಕಂದಕುರ್ತಿಯಲ್ಲಿ ಗೋದಾವರಿ. ಬೀದರ್‌ನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಹೋದವರಿಗೆ ಪಟಾನ್‌ಚೆರು ಗೊತ್ತು. ಊರು ಬರುವ ಮೊದಲೇ ಮೂಗಿಗೆ ಗೊತ್ತಾಗುತ್ತಿದ್ದ ಕಾಲವೊಂದಿತ್ತು. ದೇಶದ, ಹೊರದೇಶದ ಮದ್ದುಗಳಿಗೆ ಕಚ್ಚಾಸಾಮಗ್ರಿ ತಯಾರಿಸುವ ಕಾರ್ಖಾನೆಗಳ ಸಾಲು ಅದು. ಅವುಗಳ ಕೊಳೆನೀರನ್ನು ಒಂದು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ತಂದು, ‘ಶುದ್ಧ’ ಮಾಡಿ, ಇಸಕವಾಗು ಎಂಬ ಹಳ್ಳಕ್ಕೆ ಬಿಡುತ್ತಿದ್ದರು. ಇಸಕವಾಗು ನಕ್ಕವಾಗುವಿಗೆ, ನಕ್ಕವಾಗು ಮಾಂಜ್ರಾಕ್ಕೆ.

ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ತಂಡ ಆ ಘಟಕದಿಂದ ಹೊರಬರುವ ನೀರನ್ನು ಅಳೆದು 2007ರಲ್ಲಿ ಪ್ರಕಟಿಸಿತು. ಜಗತ್ತು ಬೆಚ್ಚಿದ್ದು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ. ಲೀಟರಿಗೆ 31 ಮಿಲಿಗ್ರಾಂವರೆಗೆ, ಚಿಕಿತ್ಸೆಯಲ್ಲಿ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಒಂದು ದಿನಕ್ಕೆ ಹರಿದುಹೋದದ್ದು ಸುಮಾರು 45 ಕಿಲೊ, ಇಡೀ ಸ್ವೀಡನ್ 5 ದಿನ ನುಂಗುವಷ್ಟು. ಮದ್ದಿಗೆ ಬಗ್ಗದ ಸೂಕ್ಷ್ಮಾಣುಗಳ ಚರ್ಚೆ ಹತ್ತಿಕೊಂಡಿತು, ಅದು ನ್ಯಾಯವೇ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು: ಸಿಟಲೋಪ್ರಾಮ್, ಲೀಟರಿಗೆ 770ರಿಂದ 840 ಮೈಕ್ರೋಗ್ರಾಂ. ಖಿನ್ನತೆಯ ಮಾತ್ರೆ, ಫ್ಲುಯಾಕ್ಸೆಟಿನ್‌ನ ಜಾತಿಯದೇ. ಪ್ರಯೋಗಾಲಯದಲ್ಲಿ ಮೀನಿನ ನಡವಳಿಕೆ ಬದಲಿಸಲು ಬೆರೆಸಿದ್ದು ಎಷ್ಟು? ಲೀಟರಿಗೆ 100. ಎರಡೂ ಬೇರೆ ಮದ್ದುಗಳು, ಹಳ್ಳ ಸೇರಿದ ನೀರು ತೆಳುವಾಗುತ್ತದೆ, ಇದೆಲ್ಲ ಒಪ್ಪೋಣ. ಆದರೂ ವಿಜ್ಞಾನಿ ಎಣಿಸಿ ಎಣಿಸಿ ಹಾಕಿದ ಪ್ರಮಾಣಕ್ಕಿಂತ ಎಂಟು ಪಟ್ಟು ಸಾರವತ್ತಾದ ನೀರು ಕೊಳವೆಯಿಂದ ಹೊರಬೀಳುತ್ತಿತ್ತು.

ಎರಡು ವರ್ಷದ ಬಳಿಕ ಜೆರ್ಕರ್ ಫಿಕ್ ಮತ್ತು ಸಂಗಡಿಗರು ಸುತ್ತಲಿನ ಕೆರೆ, ಬಾವಿಗಳಿಗೆ ಇಳಿದರು. ಹಲವು ಬಾವಿಗಳಲ್ಲಿ ಲೀಟರಿಗೆ 1 ಮೈಕ್ರೋಗ್ರಾಂಗಿಂತ ಹೆಚ್ಚು ಸಿಕ್ಕ ಮದ್ದುಗಳಲ್ಲಿ ಸಿಟಲೋಪ್ರಾಮ್ ಒಂದು. ಅದೇ ಘಟಕದ ನೀರನ್ನು 500 ಪಟ್ಟು ತೆಳುಗೊಳಿಸಿ ಕಪ್ಪೆಯ ಗೊದಮೊಟ್ಟೆಗಳನ್ನು ಬಿಟ್ಟು ನೋಡಿದಾಗ ಅವುಗಳ ಬೆಳವಣಿಗೆ ಶೇ 40ರಷ್ಟು ಕುಂಠಿತವಾಗಿತ್ತು. ಆ ಪರೀಕ್ಷೆಗಳಲ್ಲಿ ಜೀಬ್ರಾ ಮೀನಿನ ಮೊಟ್ಟೆಗಳೂ ಇದ್ದವು. ಬುಕಾನನ್ ಗಂಗೆಯಲ್ಲಿ ಕಂಡ ಮೀನು ಹೀಗೆ ಮಾಂಜ್ರಾದ ಕೊಳೆಗೆ ಸಾಕ್ಷಿ ಹೇಳಲು ಬಂತು. ಪಟಾನ್‌ಚೆರು ಮಾಲಿನ್ಯದ ಮೊಕದ್ದಮೆ 1990ರಷ್ಟು ಹಿಂದೆಯೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಮುಂದೆ ಘಟಕದ ನೀರನ್ನು ಪೈಪಿನಲ್ಲಿ ಹೈದರಾಬಾದಿನ ಅಂಬರಪೇಟೆಗೆ ಒಯ್ಯುವ ವ್ಯವಸ್ಥೆ ಆಯಿತು. ಮಾಂಜ್ರಾದ ಪಾಲಿನದು ಮೂಸಿ ನದಿಯ ಪಾಲಾಯಿತು, ಅಷ್ಟೇ.

ಮನಸ್ಸಿನ ಮದ್ದು ನೀರಿಗೆ ಬಿದ್ದರೆ ಮೀನು ಸಾಯುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಸತ್ತ ಮೀನು ತೇಲುತ್ತದೆ, ಊರವರು ಫೋಟೊ ತೆಗೆದು ಪತ್ರಿಕೆಗೆ ಕಳಿಸುತ್ತಾರೆ, ಅಧಿಕಾರಿ ಬಂದು ಬಾಟಲಿಗೆ ನೀರು ತುಂಬಿಸಿಕೊಂಡು ಹೋಗುತ್ತಾರೆ. ಸ್ವಭಾವ ಕೆಟ್ಟ ಮೀನಿಗೆ ಪಂಚನಾಮೆ ಇಲ್ಲ. ಸ್ವೀಡನ್ನಿನ ಉಮಿಯೋ ವಿಶ್ವವಿದ್ಯಾಲಯದವರು ಆತಂಕ ನಿವಾರಕ ಆಕ್ಸಜೆಪಾಮ್ ಅನ್ನು ಲೀಟರಿಗೆ 2 ಮೈಕ್ರೋಗ್ರಾಂಗೂ ಕಡಿಮೆ ಬೆರೆಸಿ ಪರ್ಚ್ ಮೀನುಗಳನ್ನು ಬಿಟ್ಟರು. ಅಂಜುಬುರುಕ ಮೀನು ಗೂಡು ಬಿಟ್ಟು ಹೊರಬಂತು, ಹಿಂಡು ಬಿಟ್ಟಿತು, ಗಬಗಬ ತಿಂದಿತು. 2013ರ ಈ ವರದಿಯ ಬಳಿಕ 2025ರಲ್ಲಿ ಇನ್ನೊಂದು ಬಂತು. ಅದೇ ಜಾತಿಯ ಕ್ಲೊಬಜಾಮ್ ಮೈಗೆ ಸೇರಿಸಿದ ಸಾಲ್ಮನ್ ಮರಿಗಳು ದಾಲ್ ನದಿಯ ಅಣೆಕಟ್ಟುಗಳನ್ನು ಬೇಗ ದಾಟಿ ಹೆಚ್ಚು ಸಂಖ್ಯೆಯಲ್ಲಿ ಬಾಲ್ಟಿಕ್ ಸಮುದ್ರ ಮುಟ್ಟಿದವು. ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಹಿಂಡು ಸಡಿಲವಾದ ಮೀನು ಸಮುದ್ರದಲ್ಲಿ ದೊಡ್ಡ ಮೀನಿನ ಬಾಯಿಗೆ ಸುಲಭದ ತುತ್ತು. ಅಂಜಿಕೆ ಎಂಬುದು ಮೀನಿಗೆ ಕಾಯಿಲೆಯಲ್ಲ, ಕವಚ. ಪ್ರಯೋಗಾಲಯದಲ್ಲಿ ಗೆರೆ ದಾಟಿ ಮೇಲೆ ಬಂದ ಮೀನಿಗೆ ಅಂಕ ಕೊಡುತ್ತೇವೆ. ನದಿಯಲ್ಲಿ ಮೇಲೆ ಬಂದ ಮೀನನ್ನು ಕೊಕ್ಕರೆ ಎತ್ತಿಕೊಂಡು ಹೋಗುತ್ತದೆ.

ಪಟಾನ್‌ಚೆರು ನಮಗಿಂತ ಕೆಳಗಿದೆ, ಅಲ್ಲಿಯ ನೀರು ಮೇಲಕ್ಕೆ ಹರಿದು ಬೀದರ್‌ಗೆ ಬರುವುದಿಲ್ಲ ಎಂದು ನೆಮ್ಮದಿಯಿಂದ ಇರುವ ಹಾಗೂ ಇಲ್ಲ. ಬೀದರ್ ಪಕ್ಕದ ಕೊಳಾರದಲ್ಲಿ, ಹುಮನಾಬಾದಿನಲ್ಲಿ ಮದ್ದು, ರಾಸಾಯನಿಕ ತಯಾರಿಸುವ ಕಾರ್ಖಾನೆಗಳಿವೆ. ನೀರು ಕೆಟ್ಟಿತು, ವಾಸನೆ ತಾಳಲಾಗದು ಎಂಬ ಸುತ್ತಲಿನ ಹಳ್ಳಿಗಳ ದೂರೂ ಹಳೆಯದೇ. ಕಾರ್ಖಾನೆ ಇಲ್ಲದ ಊರೂ ಹೊರತಲ್ಲ. ನುಂಗಿದ ಮಾತ್ರೆಯ ಒಂದು ಪಾಲು ಮೂತ್ರದಲ್ಲಿ ಹೋಗಿ ಚರಂಡಿ ಸೇರುತ್ತದೆ. ಊರಿನ ಕೊಳಚೆ ಘಟಕಗಳನ್ನು ಕಟ್ಟಿದ್ದು ಮಲ, ಮೂತ್ರ, ಗಸಿ ತೆಗೆಯಲೆಂದು, ಮದ್ದಿನ ಅಣು ಸೋಸಲೆಂದಲ್ಲ.

ಕಾಯ್ದೆ ಏನು ಹೇಳುತ್ತದೆ? 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿತು. ಮದ್ದಿನ ಕಾರ್ಖಾನೆಗಳ ಕೊಳೆನೀರಿನಲ್ಲಿ 121 ಆ್ಯಂಟಿಬಯಾಟಿಕ್‌ಗಳು ಎಷ್ಟರ ಮಟ್ಟಿಗೆ ಇರಬಹುದು ಎಂದು ಒಂದೊಂದಕ್ಕೂ ಮಿತಿ ಹಾಕಿತ್ತು. ಉದ್ಯಮ ಗೊಣಗಿತು. 2021ರ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಪಟ್ಟಿ ಮಾಯವಾಗಿತ್ತು. ಕರಡಿನಲ್ಲೇ ಇದ್ದದ್ದು ಆ್ಯಂಟಿಬಯಾಟಿಕ್‌ಗಳು ಮಾತ್ರ. ಮನಸ್ಸಿನ ಮದ್ದುಗಳನ್ನು ಯಾರೂ ಪಟ್ಟಿಗೆ ಸೇರಿಸಲೂ ಇಲ್ಲ, ಹಾಗಾಗಿ ತೆಗೆಯುವ ಪ್ರಮೇಯವೂ ಬರಲಿಲ್ಲ.

ಒಂದು ಕೆಲಸ ಮಾತ್ರ ಇಲ್ಲಿಯೇ ಆಗಬಹುದು. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್‌ನ ನಂದಿನಗರದಲ್ಲಿದೆ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದ್ದರೂ ಅದರ ಆಡಳಿತದ ಸೂತ್ರ ಸಮುದ್ರದ ಗಾಳಿಯೇ ಸೋಕದ ಈ ಊರಿನಲ್ಲಿದೆ, ಅದೊಂದು ತಮಾಷೆ. ಮೀನು ಬಲ್ಲವರು ಅಲ್ಲಿದ್ದಾರೆ. ಒಂದೂವರೆ ಲೀಟರಿನ ತೊಟ್ಟಿ, ನಡುವೆ ಒಂದು ಗೆರೆ, ಒಂದು ಕ್ಯಾಮೆರಾ, ಒಂದು ಮೀನಿಗೆ 6 ನಿಮಿಷ. ಕೊಡದ ತುಂಬ ಮಾಂಜ್ರಾದ ನೀರನ್ನು ನಮ್ಮ ಜಿಲ್ಲೆ ಹೊಗುವಲ್ಲಿ ಒಂದು ಸಲ, ಜಿಲ್ಲೆ ಬಿಡುವಲ್ಲಿ ಒಂದು ಸಲ ತುಂಬಿಸಿ ತಂದರೆ ಸಾಕು. ಎಂ.ಎಸ್ಸಿ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಪ್ರಬಂಧಕ್ಕೆ ಧಾರಾಳವಾಗುವಷ್ಟು ಕೆಲಸ, ಖರ್ಚು ಹೆಚ್ಚೇನೂ ಇಲ್ಲ.